ಕೆಂಜಳಿಲು ಮತ್ತು ಸೈಕಾಸ್: ಒಂದೇ ಕಾಡಿನ ಎರಡು ದಾಖಲೆಗಳು

ಪಶ್ಚಿಮ ಘಟ್ಟದ ಸೈಕಾಸ್ ಸರ್ಸಿನಾಲಿಸ್ ಯುರೋಪಿನ ಗ್ರಂಥ ಸೇರಿದ್ದು 17ನೇ ಶತಮಾನದಲ್ಲಿ. ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹೊರಬಂದ ‘ಹೋರ್ಟಸ್ ಮಲಬಾರಿಕಸ್’ನ ಸಂಪುಟಗಳಲ್ಲಿ ಅದರ ಚಿತ್ರಗಳಿವೆ. 1753ರಲ್ಲಿ ಲಿನೇಯಸ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ನೋಟಕ್ಕೆ ತಾಳೆಯಂತಿದ್ದರೂ ಇದು ಹೂಬಿಡದ ಅನಾವೃತಬೀಜ ಸಸ್ಯ; ಗಂಡು, ಹೆಣ್ಣು ಗಿಡಗಳೇ ಬೇರೆ. ಬಹುಕಾಲ ಮಲಯ ದ್ವೀಪಗಳ ಸೈಕಾಸ್‌ಗಳನ್ನೂ ಇದೇ ಹೆಸರಿನಡಿ ತುರುಕಲಾಗಿತ್ತು. ಆ ಗೊಂದಲ ತಿಳಿಯಾಗಿ, ಹೆಸರು ದಕ್ಷಿಣ ಭಾರತದ ಗಿಡಕ್ಕಷ್ಟೇ ಉಳಿಯಲು 20ನೇ ಶತಮಾನದ ಕೊನೆಯೇ ಬರಬೇಕಾಯಿತು.

ಅದೇ ಕಾಡಿನ ಕೆಂಜಳಿಲನ್ನು ರಟೂಫಾ ಇಂಡಿಕಾ ಎಂದು ಇಂದು ಕರೆಯುತ್ತಾರೆ. 1777ರಲ್ಲಿ ಜರ್ಮನಿಯ ಅರ್ಕ್ಸ್‌ಲೆಬೆನ್ ಅದನ್ನು ವರ್ಣಿಸಿದ. ಸ್ತನಿಗಳ ದಂಶಕ ಗಣ, ಅಳಿಲಿನ ಕುಟುಂಬ ಎಂಬಲ್ಲಿ ದೊಡ್ಡ ತಕರಾರು ಎದ್ದಿಲ್ಲ. ಮಹಾರಾಷ್ಟ್ರದ ರಾಜ್ಯಪ್ರಾಣಿ ‘ಶೇಕರು’ ಇದೇ.

ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿಲು ‘ಕನಿಷ್ಠ ಆತಂಕ’ದ ಪ್ರಾಣಿ, ಸಂಖ್ಯೆ ಮಾತ್ರ ಇಳಿಮುಖ. ಸೈಕಾಸ್ ‘ಅಳಿವಿನಂಚಿನ’ ಸಸ್ಯ: ಕಾಡು ಕಡಿತದ ಜೊತೆಗೆ ಎಲೆ, ಬೀಜ, ತಿರುಳಿನ ಸಂಗ್ರಹವೂ ಅದನ್ನು ಕಾಡಿದೆ, ನಿಧಾನವಾಗಿ ಬೆಳೆಯುವ ಗಿಡಕ್ಕೆ ಆ ನಷ್ಟ ತುಂಬಿಕೊಳ್ಳುವುದು ಕಷ್ಟ. ಎರಡೂ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ದೇಶದ ಕಾನೂನು ಮಾತ್ರ ಪ್ರಾಣಿಯ ಪಕ್ಷಪಾತಿ. ಅಳಿಲಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು. ಗಿಡಗಳಿಗೆ 1991ರ ತಿದ್ದುಪಡಿಯವರೆಗೆ ಅಲ್ಲಿ ಜಾಗವೇ ಇರಲಿಲ್ಲ. ಆಗ ಸೇರಿದ ಆರು ನಮೂದುಗಳಲ್ಲೂ ಆಂಧ್ರದ ಸೈಕಾಸ್ ಬೆಡ್ಡೋಮಿ ಇತ್ತು, ಸರ್ಸಿನಾಲಿಸ್ ಇರಲಿಲ್ಲ.