ಗಾಡಿ ತಗ್ಗಿಸಿದ್ದೇ ಅಪರಾಧ ಆದಾಗ

ಹಳೇ ಷೆವರ್ಲೆ ಪಿಕಪ್ಪುಗಳು ನೆಲ ಸವರಿಕೊಂಡು ಮೆಲ್ಲಗೆ ಓಡೋ ವಿಡಿಯೋ ನೀವೂ ನೋಡಿರ್ತೀರಿ. 'ಲೋರೈಡರ್' ಅಂತಾರೆ. ಹಲವರಿಗೆ ಅದು ಶೋಕಿ. ನನಗೆ ಚರಿತ್ರೆ.

ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ದುಡಿಯೋ ಹುಡುಗರು ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡು ತಗ್ಗಿಸತೊಡಗಿದರು. ಡಿಕ್ಕಿಗೆ ಮರಳುಮೂಟೆ ಹಾಕೋದು, ಕಾಯಿಲ್ ಸ್ಪ್ರಿಂಗಿನ ಸುತ್ತು ಕತ್ತರಿಸೋದು. ಪಿಕಪ್ಪಿಗೆ ಇರೋದು ಕಮಾನ್ ಪ್ಲೇಟು. ಅದರ ಕೆಳಗಿನ ಆಕ್ಸಲನ್ನು ಮೇಲಕ್ಕೆ ಕೂರಿಸಿದರೆ ಗಾಡಿ ಹಲವು ಇಂಚು ಇಳಿಯುತ್ತೆ. ಹೊರೆ ಹೊರೋಕೆ ಅಂತ ಮಾಡಿದ ಗಾಡಿ ಅದು. ಭಾನುವಾರ ಅದನ್ನೇ ತೊಳೆದು, ಹೊಳಪು ಕೊಟ್ಟು, ಮುಖ್ಯರಸ್ತೆಯಲ್ಲಿ ಮೆರೆಸಿದರು.

ಸರ್ಕಾರಕ್ಕೆ ತಡೀಲಿಲ್ಲ. 1958ರಲ್ಲಿ ಕಾನೂನು ಬಂತು: ಮಾರ್ಪಡಿಸಿದ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗಿರಬಾರದು. ಕಾಗದದ ಮೇಲೆ ಸುರಕ್ಷತೆ. ದಂಡದ ಚೀಟಿ ಯಾರ ಕೈಗೆ ಬಂತು ಅಂತ ನೋಡಿ. ರಸ್ತೆ ಯಾರದ್ದು ಅನ್ನೋ ಈ ಜಗಳ ನಮಗೇನು ಹೊಸದಾ?

1959ರಲ್ಲಿ ರಾನ್ ಅಗಿರೆ ಅನ್ನೋ ಯುವಕ ತನ್ನ ಕಾರ್ವೆಟ್ಟಿಗೆ ಹೈಡ್ರಾಲಿಕ್ ಪಂಪು ಜೋಡಿಸಿದ. ಪೊಲೀಸ್ ಕಂಡರೆ ಗಾಡಿ ಮೇಲೆ, ಹೋದರೆ ಕೆಳಗೆ! ಕಾನೂನಿಗೆ ಮೆಕ್ಯಾನಿಕ್ ಕೊಟ್ಟ ಉತ್ತರ ಇದು, ನನಗಂತೂ ಬಹಳ ಇಷ್ಟ.

ಆಮೇಲೆ ಊರೂರಲ್ಲಿ ಮೆಲ್ಲಗೆ ಸುತ್ತೋದಕ್ಕೇ ನಿಷೇಧ. ನ್ಯಾಷನಲ್ ಸಿಟಿಯಲ್ಲಿ 1992ರಿಂದ. ಗಾಡಿಯವರು ಸಂಘ ಕಟ್ಟಿ, ನಗರಸಭೆಗಳಿಗೆ ಹೋಗಿ ವರ್ಷಗಟ್ಟಲೆ ಹೋರಾಡಿದರು. 2023ರ ಅಕ್ಟೋಬರಿನಲ್ಲಿ ರಾಜ್ಯಪಾಲ ನ್ಯೂಸಮ್ ಸಹಿ ಹಾಕಿದರು. 2024ರ ಜನವರಿ 1ರಿಂದ ಎರಡೂ ನಿಷೇಧ ರದ್ದು. ಅಷ್ಟೊತ್ತಿಗೆ 1958ರ ಹುಡುಗರು ತಾತಂದಿರಾಗಿದ್ದರು.