ಬಣ್ಣ ಹಾಕದೆ ಜೀವಕೋಶ ನೋಡುವುದು: ಕಾಫಿ ಎಲೆಯ ತುಕ್ಕು ಮತ್ತು ಬೆಳಕಿನ ವಿದ್ಯೆ

ಮುಂಗಾರು ಹಿಡಿಯುವ ಮೊದಲು ಮೂಡಿಗೆರೆ, ಕಳಸದ ಅರೇಬಿಕಾ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಅದರ ಗುರಿ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಎಂಬ ಎಲೆ ತುಕ್ಕಿನ ಶಿಲೀಂಧ್ರ. ಬೀಜಕ ಎಲೆಯ ಅಡಿಬದಿಯ ತೇವದಲ್ಲಿ ಕೆಲವೇ ಗಂಟೆಗಳಲ್ಲಿ ಮೊಳೆತು, ಪತ್ರರಂಧ್ರದಿಂದ ಒಳನುಗ್ಗುತ್ತದೆ. ನಮ್ಮ ಕಣ್ಣಿಗೆ ಕಿತ್ತಳೆ ಪುಡಿ ಬೀಳುವುದು ಮೂರ್ನಾಲ್ಕು ವಾರಗಳ ಮೇಲೆ. ನಡುವಿನ ದಿನಗಳಲ್ಲಿ ಎಲೆಯ ಕೋಶಕ್ಕೂ ಶಿಲೀಂಧ್ರಕ್ಕೂ ನಡೆಯುವ ಹೋರಾಟವನ್ನು, ಎರಡನ್ನೂ ಕೊಲ್ಲದೆ ನೋಡುವುದು ಹೇಗೆ?

ಸಿಲೋನಿನಲ್ಲಿ ಈ ರೋಗ ಗುರುತಾಗಿ, ಶಿಲೀಂಧ್ರತಜ್ಞರಾದ ಬರ್ಕ್ಲಿ ಮತ್ತು ಬ್ರೂಮ್ ಶಿಲೀಂಧ್ರಕ್ಕೆ ಹೆಸರಿಟ್ಟದ್ದು 1869ರಲ್ಲಿ. 1880ರಿಂದ 1882ರವರೆಗೆ ಅಲ್ಲೇ ಇದ್ದ ಸಸ್ಯವಿಜ್ಞಾನಿ ಮಾರ್ಷಲ್ ವಾರ್ಡ್ ಸೂಕ್ಷ್ಮದರ್ಶಕದಡಿ ಅದರ ಜೀವನಕ್ರಮ ಬಿಡಿಸಿದ. ಮೈಸೂರು ಸಂಸ್ಥಾನ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಅದೇ. 1932ರಲ್ಲಿ ಅಲ್ಲಿನ ವಿಲ್ಸನ್ ಮೇನ್ ತುಕ್ಕಿನ ಒಂದೇ ಶಿಲೀಂಧ್ರದಲ್ಲಿ ಬೇರೆ ಬೇರೆ ಪ್ರಭೇದಗಳು (ರೇಸ್‌ಗಳು) ಇವೆ ಎಂದು ತೋರಿಸಿದರು. ಕೆಂಟ್ ಎಂಬ ತೋಟಗಾರ 1911ರಲ್ಲಿ ಆರಿಸಿದ ತಳಿಗೂ ಕೊನೆಗೆ ತುಕ್ಕು ಹತ್ತಿದ್ದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿತ್ತು. ಆದರೆ ಮೇನ್ ಅವರಿಗೆ ಅದು ಗೊತ್ತಾದದ್ದು ಮಸೂರದಿಂದಲ್ಲ, ಯಾವ ಗಿಡ ಸೋತಿತು, ಯಾವುದು ನಿಂತಿತು ಎಂಬುದರಿಂದ. ಸೂಕ್ಷ್ಮದರ್ಶಕದಡಿ ಆ ಪ್ರಭೇದಗಳ ಬೀಜಕಗಳೆಲ್ಲ ಒಂದೇ: ಒಂದು ಬದಿ ಮುಳ್ಳು, ಇನ್ನೊಂದು ಬದಿ ನುಣುಪು. ಆಕಾರ ನೋಡಿ ಸಾಲದು, ಒಳಗಿನ ರಸಾಯನ ಕಾಣಬೇಕು. ಸೂಕ್ಷ್ಮದರ್ಶಕ ಶಾಸ್ತ್ರದ ಮುಂದಿನ ನಡೆಯೆಲ್ಲ ಆ ಕಡೆಗೇ ಎಂದು ನನಗೆ ತೋರುತ್ತದೆ.

ಜೀವಂತ ಕೋಶ ನೀರಿನಲ್ಲಿ ಮುಳುಗಿದ ಗಾಜಿನ ಗೋಲಿಯಂತೆ. ಬೆಳಕನ್ನು ಹೀರುವುದಿಲ್ಲ, ಹಾಗಾಗಿ ಕಾಣುವುದೂ ಇಲ್ಲ. ಅದಕ್ಕೇ ಸಸ್ಯವಿಜ್ಞಾನಿಗಳು ಅಂಗಾಂಶವನ್ನು ಕೊಂದು, ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಚ್ಚುತ್ತಿದ್ದರು. 'ಹಸುರು ಹೊನ್ನು' ಬರೆದ ಬಿ.ಜಿ.ಎಲ್. ಸ್ವಾಮಿಯವರ ಭ್ರೂಣಶಾಸ್ತ್ರವೂ ಇಂಥ ಸೀಳುಗಳ ಮೇಲೆಯೇ ನಿಂತಿದೆ.

ಕೊಂದೇ ನೋಡಬೇಕೆಂಬ ಈ ಕಟ್ಟನ್ನು ಮುರಿದವನು ಡಚ್ ಭೌತವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ. ಕೋಶದೊಳಗೆ ಹಾದ ಬೆಳಕು ಕುಂದದಿದ್ದರೂ ಅದರ ಅಲೆ ತುಸು ಹಿಂದುಳಿಯುತ್ತದೆ; ಆ ಹಿಂದುಳಿಯುವಿಕೆಯನ್ನು ಕತ್ತಲು ಬೆಳಕಾಗಿ ಬದಲಿಸುವ ಫೇಸ್ ಕಾಂಟ್ರಾಸ್ಟ್ ವಿಧಾನ 1930ರ ದಶಕದಲ್ಲಿ ರೂಪುಗೊಂಡಿತು. ಸೂಕ್ಷ್ಮದರ್ಶಕ ತಯಾರಿಸುವ ಕಾರ್ಲ್ ಜೈಸ್ ಕಂಪನಿ ಮೊದಲು ಅದನ್ನು ಹಗುರವಾಗಿ ಕಂಡಿತು. ಜೆರ್ನಿಕೆಗೆ 1953ರಲ್ಲಿ ನೊಬೆಲ್ ಬಂತು. ಬಣ್ಣವಿಲ್ಲದೆ ಜೀವಂತ ಕೋಶ ವಿಭಜಿಸುವುದನ್ನು ಚಲನಚಿತ್ರದಲ್ಲಿ ಸ್ಪಷ್ಟವಾಗಿ ಹಿಡಿಯಲು ಈ ವಿಧಾನ ನೆರವಾಯಿತು. ದಪ್ಪ ವಸ್ತುಗಳ ಸುತ್ತ ಮೂಡುವ ಪ್ರಭೆಯ ತೊಂದರೆಯನ್ನು 1950ರ ದಶಕದಲ್ಲಿ ಭೌತವಿಜ್ಞಾನಿ ನೊಮಾರ್ಸ್ಕಿಯ ವಿಧಾನ ತಗ್ಗಿಸಿತು. ಅದೇ ದಶಕದಲ್ಲಿ ಅಲೆ ಎಷ್ಟು ಹಿಂದುಳಿಯಿತೆಂದು ಅಳೆದು ಕೋಶದ ಒಣತೂಕ ಲೆಕ್ಕ ಹಾಕುವುದೂ ಶುರುವಾಯಿತು.

ಆದರೂ ಇವೆಲ್ಲ ಆಕಾರವನ್ನೂ ತೂಕವನ್ನೂ ಹೇಳುತ್ತವೆ, ಅಣುವಿನ ಹೆಸರು ಹೇಳುವುದಿಲ್ಲ. ಅಣುವಿನ ಹೆಸರು ಹೇಳುವ ದಾರಿ ತೆರೆದದ್ದು 28 ಫೆಬ್ರವರಿ 1928ರಂದು ಕಲ್ಕತ್ತೆಯಲ್ಲಿ. ಅದನ್ನು ತೆರೆದ ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ರಾಮನ್ ಪರಿಣಾಮದಲ್ಲಿ, ಅಣುವಿನ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸಿ ಚದುರುವ ಬೆಳಕು ಬಲು ಕ್ಷೀಣ. ಲೇಸರ್ ಬಂದ ಮೇಲೆ ಬಳಕೆ ಸುಲಭವಾಯಿತು. 1990ರಲ್ಲಿ ವಿಜ್ಞಾನಿಗಳು ಒಂಟಿ ಜೀವಂತ ಕೋಶವನ್ನೇ ರಾಮನ್ ಸೂಕ್ಷ್ಮದರ್ಶಕದಿಂದ ಓದಿದರು. ನೀರಿನ ರಾಮನ್ ಸಂಕೇತ ದುರ್ಬಲವಾದ್ದರಿಂದ ಜೀವಂತ ಅಂಗಾಂಶಕ್ಕೆ ಇದು ಒಗ್ಗುತ್ತದೆ. ಎರಡು ಲೇಸರುಗಳಿಂದ ಕಂಪನವನ್ನೇ ಬಡಿದೆಬ್ಬಿಸುವ ಸ್ಟಿಮ್ಯುಲೇಟೆಡ್ ರಾಮನ್ ಚಿತ್ರಣ 2008ರಲ್ಲಿ ಬಂದು ವೇಗ ಹೆಚ್ಚಿಸಿತು.

ತುಕ್ಕಿನ ಬೀಜಕದ ಕಿತ್ತಳೆ ಬಣ್ಣ ಕೆರೋಟಿನಾಯ್ಡುಗಳದು. ಆ ಅಣುಗಳ ರಾಮನ್ ಸಂಕೇತ ಬಹಳ ಜೋರು. ಶಿಲೀಂಧ್ರ ತನ್ನ ಗುರುತನ್ನು ತಾನೇ ಹೊತ್ತು ತಂದಂತಿದೆ; ಆದರೆ ಎಲೆಯಲ್ಲೂ ಕೆರೋಟಿನಾಯ್ಡುಗಳಿರುವುದರಿಂದ ಇದೊಂದೇ ಸಾಲದು. ಇನ್ನೂ ದೊಡ್ಡ ಅಡ್ಡಿಯೂ ಎಲೆಯ ಕಡೆಯಿಂದಲೇ. ಪತ್ರಹರಿತ್ತು ಲೇಸರ್ ಬೆಳಕಿಗೆ ಕೆಂಪಗೆ ಹೊಳೆದು ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಹಾಗಾಗಿ ಎಲೆಗೆ ಕೆಂಪಿನಾಚೆಯ ಲೇಸರ್ ಬೇಕು.

ಆದರೆ ಎಲೆ ತಾನಾಗಿ ಹೊಳೆಯುವ ಇನ್ನೊಂದು ಬಗೆಯಲ್ಲಿ ದೊಡ್ಡ ಸುದ್ದಿಯೊಂದು ಅಡಗಿದೆ. ರೋಗ ತಾಳುವ ಕಾಫಿ ಗಿಡ ಹಲವು ಬಾರಿ ಶಿಲೀಂಧ್ರವನ್ನು ಬಾಗಿಲಲ್ಲೇ ತಡೆಯುವುದಿಲ್ಲ. ಒಳಬಂದ ಮೇಲೆ, ಶಿಲೀಂಧ್ರ ಹೀರಲು ನಾಟಿದ ಕೋಶವನ್ನು ಗಿಡ ತಾನೇ ಸಾಯಿಸಿ ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ. ಸಾಯುವ ಕೋಶದಲ್ಲಿ ಫೀನಾಲಿಕ್ ವಸ್ತುಗಳು ಕೂಡಿ, ನೀಲಿ ಅಥವಾ ಅತಿನೇರಳೆ ಬೆಳಕಿಗೆ ತಾವಾಗಿಯೇ ಹೊಳೆಯುತ್ತವೆ. ಕಾಫಿ ತುಕ್ಕಿನ ಅಧ್ಯಯನಗಳಲ್ಲಿ ಈ ಹೊಳಪೇ ಕೋಶಮರಣದ ಗುರುತಾಗಿ ಬಳಕೆಯಲ್ಲಿದೆ.

2018ರಿಂದ ಈಚೆಗೆ, ಬಣ್ಣವಿಲ್ಲದ ಚಿತ್ರದಿಂದಲೇ ಬಣ್ಣ ಹಚ್ಚಿದ ಚಿತ್ರವನ್ನು ಊಹಿಸಿ ಬರೆಯುವ ಕಂಪ್ಯೂಟರ್ ವಿಧಾನಗಳು ಬಂದಿವೆ. ತಾನು ಕಲಿತ ಅಂಗಾಂಶ ಬಿಟ್ಟು ಬೇರೆಯದಕ್ಕೆ ಹೋದರೆ ಈ ಊಹೆ ಎಡವುತ್ತದೆ. ಕಾಫಿ ಎಲೆಗೆ ಅದನ್ನು ಈಗಲೇ ನಂಬುವುದು ನನಗೆ ಸಮ್ಮತವಲ್ಲ.

ನನಗೆ ಬೇಕಾದ ಪ್ರಯೋಗ ಬೇರೆ. 1940ರ ದಶಕದಿಂದ ನಮ್ಮ ಬೆಟ್ಟಗಳನ್ನು ಹಿಡಿದಿಟ್ಟ ಎಸ್.795 ಕೆಂಟ್ ಕಾಫಿಯನ್ನು ಬೆರೆಸಿ ಹುಟ್ಟಿದ ತಳಿ. ಅದರ ತಾಳಿಕೆಯೂ ಕ್ರಮೇಣ ಸಡಿಲವಾಗಿದೆ. ಎಸ್.795 ಮತ್ತು ಕೆಂಟ್, ಎರಡರ ಹಸಿ ಎಲೆಗಳಿಗೂ ಒಂದೇ ಪ್ರಭೇದದ ಬೀಜಕ ಹಾಕಿ, ಯಾವ ಗಂಟೆಗೆ ಯಾವ ಕೋಶ ಹೊಳೆಯತೊಡಗಿತು, ಬೀಜಕದ ಕೆರೋಟಿನಾಯ್ಡು ಎಲ್ಲಿಯವರೆಗೆ ಸಾಗಿತು ಎಂದು ಹಗಲಿರುಳು ಹಿಂಬಾಲಿಸಬೇಕು. ಕಿತ್ತ ಎಲೆ ಬೇಗ ಬಾಡುತ್ತದೆ. ಆದ್ದರಿಂದ ಈ ಸೂಕ್ಷ್ಮದರ್ಶಕಗಳೇ ಬೆಂಗಳೂರಿನ ಪ್ರಯೋಗಾಲಯ ಬಿಟ್ಟು ತಳಿಗಳೂ ತುಕ್ಕೂ ಇರುವ ಬಾಳೆಹೊನ್ನೂರಿಗೆ ಬರಬೇಕು.