ಅಗ್ನಿಶಮನದಲ್ಲಿ ದತ್ತಾಂಶ ವಿಶ್ಲೇಷಣೆ

ಅಗ್ನಿಶಾಮಕ ಠಾಣೆ ಎಲ್ಲಿರಬೇಕು, ಒಂದು ಕರೆಗೆ ಎಷ್ಟು ವಾಹನ ಹೊರಡಬೇಕು, ಯಾವ ಕಟ್ಟಡವನ್ನು ಮೊದಲು ತಪಾಸಣೆ ಮಾಡಬೇಕು ಎಂಬುದನ್ನು ಹಿಂದಿನ ಅವಘಡಗಳ ದಾಖಲೆ ನೋಡಿ ಲೆಕ್ಕಹಾಕುವ ವಿಧಾನ. ಇದರ ಆರಂಭದ ದೊಡ್ಡ ಪ್ರಯೋಗ ನಡೆದದ್ದು ನ್ಯೂಯಾರ್ಕ್ ನಗರದಲ್ಲಿ.

1960ರ ದಶಕದಲ್ಲಿ ಅಲ್ಲಿ ಬೆಂಕಿಯ ಕರೆಗಳ ಜೊತೆಗೆ ಹುಸಿ ಕರೆಗಳೂ ಏರುತ್ತ ಹೋದವು. 1968ರಲ್ಲಿ ಮೇಯರ್ ಜಾನ್ ಲಿಂಡ್ಸೆ ಅವರ ಆಡಳಿತ, ಅಮೆರಿಕದ ವಾಯುಪಡೆಗೆ ಯುದ್ಧದ ಲೆಕ್ಕಾಚಾರ ಮಾಡಿಕೊಡುತ್ತಿದ್ದ ರ‍್ಯಾಂಡ್ ಸಂಸ್ಥೆಯನ್ನು ಕರೆಸಿಕೊಂಡಿತು. ಪೀಟರ್ ಕೊಲೆಸರ್, ವಾರೆನ್ ವಾಕರ್, ಎಡ್ವರ್ಡ್ ಬ್ಲಮ್ ಮೊದಲಾದವರು ಅಗ್ನಿಶಾಮಕ ವಾಹನಗಳಿಗೆ ಸ್ಟಾಪ್‌ವಾಚ್ ಕೊಟ್ಟು, ಠಾಣೆ ಬಿಟ್ಟ ಗಳಿಗೆಯಿಂದ ಸ್ಥಳ ಮುಟ್ಟುವವರೆಗಿನ ಸಮಯ ಬರೆಸಿದರು. ಅವರ ಹೆಸರಾಂತ ಸೂತ್ರ ವರ್ಗಮೂಲ ನಿಯಮ: ಒಂದು ಪ್ರದೇಶದಲ್ಲಿ ಕರೆಗೆ ಸಿದ್ಧವಿರುವ ತಂಡಗಳು ನಾಲ್ಕು ಪಟ್ಟಾದರೆ, ಬೆಂಕಿಯ ಸ್ಥಳಕ್ಕಿರುವ ಸರಾಸರಿ ದೂರ ಅರ್ಧಕ್ಕೆ ಇಳಿಯುತ್ತದೆ.

ಇಲ್ಲಿ 'ಸಿದ್ಧವಿರುವ' ಎಂಬುದೇ ಮುಖ್ಯ. ಠಾಣೆಗಳ ಜಾಗ ನಿರ್ಧರಿಸಲು ಬಳಸಿದ ಇನ್ನೊಂದು ಮಾದರಿ, ಹತ್ತಿರದ ತಂಡ ಸದಾ ಠಾಣೆಯಲ್ಲೇ ಇರುತ್ತದೆ ಎಂದುಕೊಂಡು ಲೆಕ್ಕ ಹಾಕುತ್ತಿತ್ತು. ನಗರದ ದಕ್ಷಿಣ ಬ್ರಾಂಕ್ಸ್‌ನಲ್ಲಿ ಹಾಗಿರಲಿಲ್ಲ. ಒಂದು ಬೆಂಕಿ ಆರಿಸಿ ಬರುವಷ್ಟರಲ್ಲಿ ಇನ್ನೊಂದಕ್ಕೆ ಕರೆ ಬರುತ್ತಿತ್ತು. ಠಾಣೆಗಳು ಒತ್ತೊತ್ತಾಗಿದ್ದ ಇಂಥ ಬಡ ಬಡಾವಣೆಗಳಲ್ಲೇ ಒಂದು ತಂಡ ತೆಗೆದರೂ ತಲುಪುವ ಸಮಯ ಹೆಚ್ಚೇನೂ ಬದಲಾಗದು ಎಂದು ಕಾಗದದ ಮೇಲಿನ ಲೆಕ್ಕ ಹೇಳಿತು. 1972ರಿಂದ ತಂಡಗಳನ್ನು ಮುಚ್ಚುವ ಕೆಲಸ ಶುರುವಾಯಿತು. 1975ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಮತ್ತಷ್ಟು ಮುಚ್ಚಿದವು. 1970 ಮತ್ತು 1980ರ ನಡುವೆ ಬ್ರಾಂಕ್ಸ್‌ನ ಏಳು ಜನಗಣತಿ ವಲಯಗಳು ತಮ್ಮ ಕಟ್ಟಡಗಳಲ್ಲಿ ಶೇ. 97ಕ್ಕಿಂತ ಹೆಚ್ಚನ್ನು ಬೆಂಕಿಯಿಂದ ಹಾಗೂ ಪಾಳುಬಿದ್ದು ಕಳೆದುಕೊಂಡವು. ಮಾಲೀಕರು ಮನೆಗಳನ್ನು ಕೈಬಿಟ್ಟದ್ದು, ಬ್ಯಾಂಕುಗಳು ಸಾಲ ನಿಲ್ಲಿಸಿದ್ದು, ವಿಮೆ ಹಣಕ್ಕಾಗಿ ಹಚ್ಚಿದ ಬೆಂಕಿ ಎಲ್ಲವೂ ಇದಕ್ಕೆ ಕಾರಣ. ರ‍್ಯಾಂಡ್ ಒಂದರ ತಲೆಗೇ ಕಟ್ಟುವುದು ನ್ಯಾಯವಲ್ಲ. ಆದರೆ ಅಳೆಯಲು ಸುಲಭವಾದ ಸಮಯವನ್ನು ಅಳೆದು, ತಂಡಗಳ ಮೇಲಿನ ಕೆಲಸದ ಹೊರೆಯನ್ನು ಬದಿಗಿಟ್ಟದ್ದು ತಪ್ಪೇ. ಸಂಶೋಧಕರಾದ ಡೆಬೊರಾ ಮತ್ತು ರಾಡ್ರಿಕ್ ವ್ಯಾಲೇಸ್, ಮುಂದೆ ಪತ್ರಕರ್ತ ಜೋ ಫ್ಲಡ್ ಈ ಅಧ್ಯಾಯವನ್ನು ಕಟುವಾಗಿ ವಿಮರ್ಶಿಸಿದರು.

ಎರಡನೆಯ ಘಟ್ಟದಲ್ಲಿ ಗಮನ ತಪಾಸಣೆಯ ಕಡೆ ತಿರುಗಿತು. 2007ರ ಆಗಸ್ಟ್‌ನಲ್ಲಿ ಮ್ಯಾನ್‌ಹಟ್ಟನ್‌ನಲ್ಲಿ ಕೆಡವಲಾಗುತ್ತಿದ್ದ ಡಾಯ್ಚ ಬ್ಯಾಂಕ್ ಕಟ್ಟಡಕ್ಕೆ ಬೆಂಕಿ ಬಿದ್ದು ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಮೇಲಿನ ಮಹಡಿಗಳಿಗೆ ನೀರೊಯ್ಯುವ ಕೊಳವೆ ನೆಲಮಾಳಿಗೆಯಲ್ಲಿ ಕತ್ತರಿಸಿಹೋಗಿತ್ತು. 15 ದಿನಕ್ಕೊಮ್ಮೆ ಆಗಬೇಕಿದ್ದ ತಪಾಸಣೆ ನಡೆದಿರಲಿಲ್ಲ. ಆ ಬಳಿಕ ನಗರವು ಅಪಾಯದ ಅಂಕ ಕೊಟ್ಟು ಕಟ್ಟಡಗಳ ಸರದಿ ಗೊತ್ತುಮಾಡುವ ವ್ಯವಸ್ಥೆ ತಂದಿತು. 'ಫೈರ್‌ಕಾಸ್ಟ್' ಅದಕ್ಕಾಗಿ ರೂಪಿಸಿದ ಲೆಕ್ಕದ ತಂತ್ರಾಂಶ.

ಅಟ್ಲಾಂಟಾದ ಅಗ್ನಿಶಾಮಕ ಇಲಾಖೆ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಜೊತೆಗೂಡಿ ರೂಪಿಸಿದ 'ಫೈರ್‌ಬರ್ಡ್' ಎಂಬ ಇಂಥದೇ ಮಾದರಿ 2016ರಲ್ಲಿ ಪ್ರಕಟವಾಯಿತು. ಬೇರೆಬೇರೆ ಕಚೇರಿಗಳ ಕಡತಗಳಲ್ಲಿ ಒಂದೇ ಕಟ್ಟಡದ ವಿಳಾಸ ಬೇರೆಬೇರೆಯಾಗಿರುವುದನ್ನು ಹೊಂದಿಸುವ ಬೇಸರದ ಕೆಲಸ ಇಲ್ಲಿ ಗಣಿತದಷ್ಟೇ ಮುಖ್ಯವಾಗಿತ್ತು. ಸುಮಾರು 5,000 ಕಟ್ಟಡಗಳಿಗೆ ಅಪಾಯದ ಅಂಕ ನೀಡಿದ ಈ ಮಾದರಿ, ಪರೀಕ್ಷೆಯಲ್ಲಿ ಶೇ. 71ರಷ್ಟು ಬೆಂಕಿಗಳನ್ನು ಮುಂಚಿತವಾಗಿ ಗುರುತಿಸಿತು. ಬೇರೆ ನಗರಗಳೂ ಬಳಸಿಕೊಳ್ಳಲೆಂದು ಅದರ ತಂತ್ರಾಂಶವನ್ನು ಮುಕ್ತವಾಗಿ ಕೊಡಲಾಗಿದೆ.